ಮೂರನೇ ಸಲದ ನಂತರ: ಆತ್ಮಹತ್ಯೆ ಯತ್ನ ಮರುಕಳಿಸುವ ಅಪಾಯ, ಒಂದು ಪ್ರಕರಣ ಅಧ್ಯಯನ

ಇಲ್ಲಿ ಬರುವ ಮಹಿಳೆ ನಿಜವಾದ ಯಾರೋ ಒಬ್ಬರಲ್ಲ. ಉತ್ತರ ಕರ್ನಾಟಕದ ಆಸ್ಪತ್ರೆಗಳಲ್ಲಿ ಪದೇ ಪದೇ ಎದುರಾಗುವ ಸಂಗತಿಗಳನ್ನು ಒಟ್ಟು ಸೇರಿಸಿ ಕಟ್ಟಿದ ಪ್ರಕರಣವಿದು. ಆದ್ದರಿಂದ ಹೆಸರು, ಊರು ಇಲ್ಲ. ಯತ್ನದ ವಿಧಾನದ ವಿವರವನ್ನೂ ಬೇಕೆಂದೇ ಬಿಟ್ಟಿದ್ದೇವೆ. ಓದುತ್ತಿರುವ ನಿಮಗೇ ಜೀವ ಬೇಡ ಎನ್ನುವ ಯೋಚನೆ ಬರುತ್ತಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಕರಣ

ವಯಸ್ಸು 34. ಹಾವೇರಿ ಕಡೆಯ ಹಳ್ಳಿ. ಗಂಡನ ಮನೆಯಲ್ಲಿ ಮೂರು ಎಕರೆ ಹೊಲ, ಹತ್ತಿ ಮತ್ತು ಗೋವಿನಜೋಳ. ಆಕೆ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಗಂಡ, ಅತ್ತೆ, 14ರ ಮಗಳು, 10ರ ಮಗ. ಪಕ್ಕದ ಮನೆಯಲ್ಲೇ ಮೈದುನ ಮತ್ತು ನೆಗೆಣ್ಣಿ. ಆರು ದಿನ ಐಸಿಯು, ನಾಲ್ಕು ದಿನ ವಾರ್ಡು. ಆಸ್ಪತ್ರೆಯ ದಾಖಲೆಯಲ್ಲಿ ಇದು ಎರಡನೇ ಯತ್ನ ಎಂದಿತ್ತು. ವಾಸ್ತವದಲ್ಲಿ ಮೂರನೆಯದು.

ಮೊದಲನೆಯದು ಆಕೆಯ 18ನೇ ವಯಸ್ಸಿನಲ್ಲಿ, ದ್ವಿತೀಯ ಪಿಯುಸಿಯಲ್ಲಿ ಫೇಲಾದ ವಾರ. ಆಗ ತವರಿನವರು ತಾಲ್ಲೂಕು ಆಸ್ಪತ್ರೆಯಲ್ಲಿ ‘ತಪ್ಪಿ ಆಯಿತು’ ಎಂದು ಬರೆಸಿದರು. ಆ ಕಾಲಕ್ಕೆ ಭಾರತೀಯ ದಂಡ ಸಂಹಿತೆಯ 309ನೇ ಕಲಂ ಜಾರಿಯಲ್ಲಿತ್ತು, ಯತ್ನಿಸಿದವರಿಗೆ ಒಂದು ವರ್ಷದವರೆಗೆ ಸಜೆ ಆಗಬಹುದಿತ್ತು. ಪೊಲೀಸು, ಕೋರ್ಟು, ಮೇಲಾಗಿ ಮದುವೆ ಆಗಬೇಕಾದ ಹುಡುಗಿ. ಮುಚ್ಚಿಟ್ಟರು. ವರ್ಷದೊಳಗೆ ಮದುವೆ ಮಾಡಿದರು. ಗಂಡನ ಮನೆಯಲ್ಲಿ ಯಾರಿಗೂ ಈ ಸುದ್ದಿ ಗೊತ್ತಿರಲಿಲ್ಲ.

ಎರಡನೆಯದು ಹದಿನೈದು ವರ್ಷಗಳ ನಂತರ, 33ಕ್ಕೆ. ಮಳೆ ಕೈಕೊಟ್ಟ ವರ್ಷ, ಗಂಡನ ಕುಡಿತ ಹೆಚ್ಚಾಗಿದ್ದ ವರ್ಷ, ಸಂಘದ ಸಾಲದ ವಾರದ ಕಂತು ಮೂರು ಕಡೆಯಿಂದ ಬರುತ್ತಿದ್ದ ವರ್ಷ. ಖಾಸಗಿ ನರ್ಸಿಂಗ್ ಹೋಮಿನಲ್ಲಿ ಎರಡು ರಾತ್ರಿ ಇದ್ದು ಮನೆಗೆ ಬಂದಳು. ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಮನೋವೈದ್ಯರನ್ನು ಕಾಣಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲಿತ್ತು. ಯಾರನ್ನು, ಎಲ್ಲಿ, ಯಾವ ದಿನ ಎಂಬುದು ಇರಲಿಲ್ಲ. ಮನೆಯವರು ಆ ಸಾಲನ್ನು ಓದಲೇ ಇಲ್ಲ.

ಮೂರನೆಯದು ಅದಾಗಿ ಏಳೇ ತಿಂಗಳಿಗೆ.

ಹದಿನೈದು ವರ್ಷ, ಆಮೇಲೆ ಏಳು ತಿಂಗಳು. ಈ ಎರಡು ಅಂತರಗಳಲ್ಲಿ ಈ ವಿಷಯದ ಮುಖ್ಯ ಭಾಗವೆಲ್ಲ ಅಡಗಿದೆ. ಯತ್ನದ ನಂತರದ ಅಪಾಯ ಕಾಲದಲ್ಲಿ ಸಮನಾಗಿ ಹರಡಿರುವುದಿಲ್ಲ. ಮೊದಲ ವಾರಗಳಲ್ಲಿ ಮತ್ತು ಮೊದಲ ಮೂರು ತಿಂಗಳಲ್ಲಿ ಅದು ಅತಿ ಎತ್ತರದಲ್ಲಿರುತ್ತದೆ, ವರ್ಷ ಕಳೆಯುವ ಹೊತ್ತಿಗೆ ಬಹಳಷ್ಟು ಇಳಿಯುತ್ತದೆ, ಆದರೆ ಪೂರ್ತಿ ನೆಲ ಮುಟ್ಟುವುದಿಲ್ಲ. ಆಸ್ಪತ್ರೆಗೆ ಬಂದವರನ್ನು ಹಿಂಬಾಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ವಿಶ್ಲೇಷಣೆಗಳ ಪ್ರಕಾರ ನೂರರಲ್ಲಿ ಸುಮಾರು 16 ಮಂದಿ ಒಂದೇ ವರ್ಷದೊಳಗೆ ಮತ್ತೆ ಯತ್ನಿಸಿ ಆಸ್ಪತ್ರೆಗೆ ಬರುತ್ತಾರೆ, ಒಬ್ಬರಿಂದ ಇಬ್ಬರು ಆ ವರ್ಷದಲ್ಲೇ ಆತ್ಮಹತ್ಯೆಯಿಂದ ಸಾಯುತ್ತಾರೆ, ಐದು ವರ್ಷಕ್ಕೆ ಆ ಸಂಖ್ಯೆ ನಾಲ್ಕರ ಹತ್ತಿರ ಬರುತ್ತದೆ. ಈ ಅಧ್ಯಯನಗಳಲ್ಲಿ ಹೆಚ್ಚಿನವು ಪಶ್ಚಿಮ ದೇಶಗಳವು. ಹೆಲ್ಸಿಂಕಿಯಲ್ಲಿ 1963ರಲ್ಲಿ ಆಸ್ಪತ್ರೆಗೆ ಸೇರಿದ್ದ ನೂರು ಮಂದಿಯನ್ನು 37 ವರ್ಷ ಹಿಂಬಾಲಿಸಿದಾಗ 13 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು, ದಶಕಗಳು ಕಳೆದ ಮೇಲೂ ಆ ಸಾವುಗಳು ನಿಂತಿರಲಿಲ್ಲ.

ಇದೇ ಅಂಕಿಗಳನ್ನು ಇನ್ನೊಂದು ಕಡೆಯಿಂದಲೂ ಓದಬೇಕು, ಮನೆಯವರಿಗೆ ಹೇಳುವಾಗಲಂತೂ ಹಾಗೇ ಹೇಳಬೇಕು: ಒಮ್ಮೆ ಯತ್ನಿಸಿ ಬದುಕಿದವರಲ್ಲಿ ಬಹುಪಾಲು ಜನ, ಹತ್ತರಲ್ಲಿ ಒಂಬತ್ತರಷ್ಟು, ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ‘ಒಮ್ಮೆ ಆ ದಾರಿ ಹಿಡಿದವರು ಬಿಡೋದಿಲ್ಲ’ ಎಂಬ ಊರಿನ ಮಾತು ಸುಳ್ಳು.

ಏಳು ತಿಂಗಳಲ್ಲಿ ಏನಾಯಿತು

ಎರಡನೇ ಯತ್ನ ತಾನೇ ಹೊಸ ತೊಂದರೆಗಳನ್ನು ತಂದಿತು. ಆಸ್ಪತ್ರೆ ಬಿಲ್ಲು ಕಟ್ಟಲು ಹೊಸ ಕೈಸಾಲ ಆಯಿತು. ಮೊದಲು ಕಂತಿನ ಚಿಂತೆ ಮಾತ್ರ ಇತ್ತು, ಈಗ ‘ನಿನ್ನಿಂದಲೇ ಇಷ್ಟು ಖರ್ಚು’ ಎಂಬ ಮಾತೂ ಸೇರಿಕೊಂಡಿತು. ಅತ್ತೆ ಎರಡು ವಾರ ಬಿಡದೆ ಕಾವಲು ಕಾದರು, ಮೊಬೈಲು ಇಸಿದುಕೊಂಡರು. ಸುಗ್ಗಿ ಬಂತು, ಎಲ್ಲರೂ ಹೊಲಕ್ಕೆ ಹೋದರು, ಕಾವಲು ಒಂದೇ ದಿನಕ್ಕೆ ನಿಂತುಹೋಯಿತು. ಮಕ್ಕಳಿಗೆ ಅವ್ವನಿಗೆ ಜ್ವರ ಎಂದು ಹೇಳಿದ್ದರು, ಮಗಳು ಆ ಮಾತನ್ನು ನಂಬಿರಲಿಲ್ಲ. ಹೊಲಿಗೆಗೆ ಬರುತ್ತಿದ್ದ ಓಣಿಯ ಹೆಂಗಸರು ಬರುವುದು ಕಡಿಮೆಯಾಯಿತು. ಸುದ್ದಿ ಹರಡಿದ್ದರಿಂದಲೋ, ಏನು ಮಾತಾಡಬೇಕೆಂದು ತೋಚದೆಯೋ.

ಇದರ ಅಡಿಯಲ್ಲಿ ಕಾಯಿಲೆಯೊಂದು ಬೆಳೆಯುತ್ತಿತ್ತು. ನಸುಕಿನ ಮೂರಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಮೂರು ತಿಂಗಳಲ್ಲಿ ಏಳು ಕಿಲೋ ಇಳಿಕೆ. ಯಂತ್ರದ ಮೇಲೆ ಬಟ್ಟೆ ಹೊದಿಸಿಟ್ಟಿದ್ದು ಹಾಗೇ ಇತ್ತು. ‘ನಾನು ಇಲ್ಲದಿದ್ದರೆ ಇವರಿಗೆ ಹಗುರ’ ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಇದು ತೀವ್ರ ಖಿನ್ನತೆ. ಇದಕ್ಕೆ ಚಿಕಿತ್ಸೆ ಇದೆ, ಆದರೆ ಯಾರೂ ಅದಕ್ಕೆ ಹೆಸರಿಟ್ಟಿರಲಿಲ್ಲ. ವಸೂಲಿಯವನು ಬಂದು ಕಟ್ಟೆಯ ಮೇಲೆ ಕೂತ ಸಂಜೆ ಮೂರನೇ ಯತ್ನ ಆಯಿತು. ಮನೆಯವರು ಅದೊಂದನ್ನೇ ಕಾರಣ ಎನ್ನುತ್ತಾರೆ. ಆ ಸಂಜೆ ಕಿಡಿ ಬಿದ್ದದ್ದು ನಿಜ, ಆದರೆ ಹುಲ್ಲು ಒಣಗಿ ತಿಂಗಳುಗಳೇ ಆಗಿದ್ದವು.

ಇನ್ನೊಂದು ಸಂಗತಿ ಇದೆ. ಪ್ರತಿ ಯತ್ನವೂ ಮುಂದಿನದರ ಬಗ್ಗೆ ಇರುವ ಅಂಜಿಕೆಯನ್ನು ಅಷ್ಟಷ್ಟು ಸವೆಸುತ್ತದೆ. ಹಾಗಾಗಿ ಎರಡನೇ, ಮೂರನೇ ಸಲ ಬಂದವರನ್ನು ‘ಇವರದು ಯಾವಾಗಲೂ ಇದೇ, ಹೆದರಿಸೋಕೆ ಮಾಡ್ತಾರೆ’ ಎಂದು ತಳ್ಳಿಹಾಕುವುದು ವಾರ್ಡಿನಲ್ಲಿ ಆಗುವ ಅತ್ಯಂತ ಅಪಾಯಕಾರಿ ತಪ್ಪು.

ವಾರ್ಡಿನಲ್ಲಿ ಮೌಲ್ಯಮಾಪನ

ಐಸಿಯುನಲ್ಲಿ ಕೊಟ್ಟ ಔಷಧಗಳ ಗೊಂದಲ ಇಳಿಯುವವರೆಗೆ ಚಿಕಿತ್ಸೆಯ ತಂಡದವರಾದ ನಾವು ಮಾತಿಗೆ ಅವಸರ ಮಾಡಲಿಲ್ಲ. ಏಳನೇ ದಿನ, ಪರದೆ ಎಳೆದು, ಗಂಡ ಮತ್ತು ಅತ್ತೆಯನ್ನು ಹೊರಗೆ ಕೂರಿಸಿ ಮಾತಾಡಿಸಿದಾಗ ಮೊದಲು ಬಂದ ಉತ್ತರ ಎಲ್ಲರೂ ಕೊಡುವ ಉತ್ತರವೇ: “ಏನೂ ಇಲ್ಲರೀ ಮೇಡಂ, ಅವತ್ತ ತಲಿ ಕೆಟ್ಟಿತ್ತು. ಇನ್ನ ಹಿಂಗ ಮಾಡಂಗಿಲ್ಲ. ಮನಿಗೆ ಕಳಸ್ರಿ.”

ಈ ಮಾತನ್ನು ನಂಬಿ ಡಿಸ್ಚಾರ್ಜ್ ಬರೆಯುವುದು ಸುಲಭ. ಯತ್ನದ ನಂತರದ ಕೆಲವು ದಿನ ಮನಸ್ಸು ಹಗುರಾದಂತೆ ಕಾಣುವುದು ಸಾಮಾನ್ಯ. ಎಲ್ಲರೂ ಸುತ್ತ ಸೇರಿರುತ್ತಾರೆ, ಗಂಡ ಅತ್ತಿರುತ್ತಾನೆ, ಸಾಲದವರು ಆಸ್ಪತ್ರೆಗೆ ಬರುವುದಿಲ್ಲ. ಮನೆಗೆ ಹೋದ ಮೇಲೆ ಅದೇ ಕಟ್ಟೆ, ಅದೇ ಕಂತು. ‘ಇನ್ನು ಮಾಡುವುದಿಲ್ಲ’ ಎಂದು ಬರೆಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಅಲ್ಲಲ್ಲಿ ಇನ್ನೂ ಇದೆ. ಅದು ಯಾರನ್ನೂ ಕಾಪಾಡುವುದಿಲ್ಲ. ಮುಂದಿನ ಸಲ ಯೋಚನೆ ಬಂದಾಗ ಮಾತು ತಪ್ಪಿದ ನಾಚಿಕೆಯಿಂದ ಬಾಯಿ ಇನ್ನಷ್ಟು ಮುಚ್ಚಿಕೊಳ್ಳುತ್ತದೆ.

ನೇರವಾಗಿ ಕೇಳುವುದೇ ಸರಿ. ಕೇಳಿದರೆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ, ಅಧ್ಯಯನಗಳು ಅದನ್ನು ಮತ್ತೆ ಮತ್ತೆ ತೋರಿಸಿವೆ. ಕೇಳಿದ್ದು ಹೀಗೆ, ಮೆಟ್ಟಿಲು ಮೆಟ್ಟಿಲಾಗಿ. ಜೀವನ ಸಾಕಾಯಿತು ಅನ್ನಿಸುತ್ತದಾ? ಮಲಗಿದವಳು ಏಳದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದಾ? ನಾನೇ ಮುಗಿಸಿಕೊಳ್ಳಬೇಕು ಅನ್ನಿಸಿದ್ದು ಯಾವಾಗಿನಿಂದ? ಈ ಏಳು ದಿನದಲ್ಲಿ, ಇಲ್ಲೇ ಮಂಚದ ಮೇಲೆ, ಎಷ್ಟು ಸಲ ಬಂದಿದೆ? ಇದಕ್ಕೂ ಮೊದಲು, ಮದುವೆಗೂ ಮೊದಲು, ಯಾವಾಗಲಾದರೂ?

ಕೊನೆಯ ಪ್ರಶ್ನೆಗೆ 18ರ ಘಟನೆ ಹೊರಗೆ ಬಂತು. ಹದಿನಾರು ವರ್ಷದಲ್ಲಿ ಯಾರೂ ಆಕೆಯನ್ನು ಅದನ್ನು ಕೇಳಿರಲಿಲ್ಲ. ಕಾನೂನು ಬದಲಾಗಿದೆ ಎಂದು ತಿಳಿಸಿದ ಮೇಲೆಯೇ ಆಕೆ ಬಾಯಿ ಬಿಟ್ಟದ್ದು. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರ 115ನೇ ಕಲಂ, ಬೇರೆ ರೀತಿ ಸಾಬೀತಾಗದ ಹೊರತು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ವಿಚಾರಣೆ ಮತ್ತು ಶಿಕ್ಷೆಗೆ ಗುರಿಪಡಿಸಬಾರದು ಎನ್ನುತ್ತದೆ. ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸಿ ಮರುಕಳಿಸುವ ಅಪಾಯ ತಗ್ಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹಾಕುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ಕ್ಕೆ ಜಾಗವಿಲ್ಲ. ಸರ್ಕಾರಿ ನೌಕರನನ್ನು ಕರ್ತವ್ಯದಲ್ಲಿ ಬಲವಂತಪಡಿಸಲು ಅಥವಾ ತಡೆಯಲು ಮಾಡುವ ಯತ್ನ ಮಾತ್ರ 226ನೇ ಕಲಂ ಅಡಿ ಬರುತ್ತದೆ. ಆಸ್ಪತ್ರೆಗಳು ಈಗಲೂ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸಿ ಠಾಣೆಗೆ ತಿಳಿಸುತ್ತವೆ, ಪೊಲೀಸರು ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ. ಹೇಳಿಕೆ ಕೊಟ್ಟ ಮಾತ್ರಕ್ಕೆ ಆಕೆಯ ಮೇಲೆ ಕೇಸಾಗುವುದಿಲ್ಲ ಎಂಬುದನ್ನು ಗಂಡನಿಗೂ ಬಿಡಿಸಿ ಹೇಳಬೇಕಾಯಿತು.

ದೇಹದ ಕಡೆಯೂ ನೋಡಿದೆವು. ಹಿಮೋಗ್ಲೋಬಿನ್ 8.6, ಅಂದರೆ ರಕ್ತಹೀನತೆ ಇತ್ತು. ಥೈರಾಯ್ಡ್ ಸರಿಯಾಗಿತ್ತು. ಹಿಂದೆಂದಾದರೂ ನಿದ್ದೆಯೇ ಬೇಡದಷ್ಟು ಉತ್ಸಾಹ, ಅತಿ ಮಾತು, ಕೈಬಿಚ್ಚಿ ಖರ್ಚು ಮಾಡಿದ ದಿನಗಳು ಇದ್ದವೇ ಎಂದು ಆಕೆಯನ್ನೂ ತವರಿನ ಅಣ್ಣನನ್ನೂ ಬೇರೆಬೇರೆಯಾಗಿ ಕೇಳಿದ್ದು ಬೈಪೋಲಾರ್ ಕಾಯಿಲೆ ತಪ್ಪಿಹೋಗಬಾರದೆಂದು. ಅದಾಗಿದ್ದರೆ ಔಷಧವೇ ಬೇರೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 22 ಬಂತು, ಅಂಕ ಹೆಚ್ಚಿದಷ್ಟೂ ಖಿನ್ನತೆ ತೀವ್ರ.

ಇಷ್ಟೆಲ್ಲ ಆದ ಮೇಲೆ ‘ಅಪಾಯ ಮಟ್ಟ: ಮಧ್ಯಮ’ ಎಂದು ಬರೆಯುವ ಅಭ್ಯಾಸ ಹಲವು ಕಡೆ ಇದೆ. ನಾವು ಬರೆಯಲಿಲ್ಲ. ಯಾರು ಮತ್ತೆ ಯತ್ನಿಸುತ್ತಾರೆ ಎಂದು ಮೊದಲೇ ಹೇಳುವ ಅಂಕಪಟ್ಟಿಗಳು ಕೆಲಸಕ್ಕೆ ಬರುವಷ್ಟು ನಿಖರವಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ, ಅಂಥ ಪಟ್ಟಿಗಳಿಂದ ಮುಂದಿನದನ್ನು ಊಹಿಸಬೇಡಿ, ಕಡಿಮೆ, ಮಧ್ಯಮ, ಹೆಚ್ಚು ಎಂದು ವಿಂಗಡಿಸಬೇಡಿ, ಅದರ ಮೇಲೆ ಚಿಕಿತ್ಸೆ ನಿರ್ಧರಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ. ‘ಕಡಿಮೆ’ ಎಂದು ಬರೆಸಿಕೊಂಡವರ ಸಂಖ್ಯೆ ದೊಡ್ಡದು. ಆದ್ದರಿಂದ ಮುಂದೆ ಆಗುವ ಯತ್ನಗಳಲ್ಲಿ ದೊಡ್ಡ ಪಾಲು ಅವರಿಂದಲೇ ಬರುತ್ತದೆ. ನಮ್ಮ ಕಡತದಲ್ಲಿ ಅಂಕದ ಬದಲು ಮೂರು ಪ್ರಶ್ನೆಗಳಿಗೆ ಉತ್ತರ ಬರೆದೆವು: ಯಾವಾಗ ಹೆಚ್ಚುತ್ತದೆ, ಯಾವುದರಿಂದ ತಗ್ಗುತ್ತದೆ, ಮುಂದಿನ ಮೂರು ತಿಂಗಳಲ್ಲಿ ಗೊತ್ತಿದ್ದೇ ಬರುವ ಕಷ್ಟದ ದಿನಗಳು ಯಾವುವು. ಮೂರನೆಯದಕ್ಕೆ ಉತ್ತರ ಖಚಿತವಾಗಿತ್ತು. ಪ್ರತಿ ಗುರುವಾರ, ಕಂತಿನ ದಿನ.

ಮನೆಗೆ ಕಳಿಸುವ ಮುಂಚೆ

ಆ ಯೋಚನೆ ಬಂದಾಗ ಏನು ಮಾಡಬೇಕು, ಯಾರನ್ನು ಕರೆಯಬೇಕು ಎಂದು ಬರೆದಿಡುವ ಒಂದು ಹಾಳೆಯ ಸುರಕ್ಷತಾ ಯೋಜನೆ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಇದಕ್ಕೆ ಅಮೆರಿಕದ ಮನೋವಿಜ್ಞಾನಿಗಳಾದ ಸ್ಟಾನ್ಲಿ ಮತ್ತು ಬ್ರೌನ್ ರೂಪಿಸಿದ ಆರು ಹಂತಗಳ ಮಾದರಿ ಇದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಈ ಹಾಳೆಯನ್ನೂ ಆಮೇಲಿನ ಫೋನ್ ಕರೆಗಳನ್ನೂ ಒಟ್ಟಿಗೆ ಕೊಟ್ಟಾಗ ಆರು ತಿಂಗಳಲ್ಲಿ ಆತ್ಮಹತ್ಯೆಯ ನಡವಳಿಕೆ ಸುಮಾರು 45 ಶೇಕಡ ಕಡಿಮೆಯಿತ್ತು. ಮಾದರಿ ಎಲ್ಲಿಯದೇ ಆಗಲಿ, ಬರೆಯುವ ಮಾತು ಆಕೆಯದೇ ಆಗಿರಬೇಕು. ಅಚ್ಚು ಹಾಕಿಸಿದ ಹಾಳೆಯಲ್ಲಿ ‘ಧ್ಯಾನ ಮಾಡಿ, ಸಂಗೀತ ಕೇಳಿ’ ಎಂದಿದ್ದರೆ ನಸುಕಿನ ಮೂರಕ್ಕೆ ಅದು ಯಾರ ಕೈಯನ್ನೂ ಹಿಡಿಯುವುದಿಲ್ಲ.

ಎಚ್ಚರಿಕೆಯ ಸೂಚನೆ ಏನು ಎಂದಾಗ ಆಕೆ ಹೇಳಿದ್ದು: “ನಸುಕಿನ್ಯಾಗ ಎಚ್ಚರಾಗಿ ಎದಿ ಡವಡವ ಅನ್ನೂದು. ಮಕ್ಕಳ ಮ್ಯಾಲೆ ಸುಮ್ಮಸುಮ್ಮನ ಸಿಟ್ಟು.” ಒಬ್ಬಳೇ ಇದ್ದಾಗ ಏನು ಮಾಡಬಹುದು ಎಂದಾಗ ನಮ್ಮ ಕಡೆಯಿಂದ ಹೊಲಿಗೆಯ ಮಾತು ಬಂತು. ಆಕೆ ತಲೆ ಅಲ್ಲಾಡಿಸಿದಳು. “ಹೊಲಿಗಿ ಬರಿಬ್ಯಾಡ್ರಿ, ಆಗ ಕೈ ನಡಗತಾವ, ಸೂಜಿಗೆ ದಾರ ಪೋಣಸಾಕ ಆಗಂಗಿಲ್ಲ. ಹಿತ್ತಲಕ್ಕ ಹೋಗಿ ಗಿಡಕ್ಕ ನೀರು ಹಾಕತೀನಿ.” ಅದನ್ನೇ ಬರೆದೆವು. ಮೂರನೇ ಹಂತಕ್ಕೆ, ಅಂದರೆ ಮನಸ್ಸು ಬೇರೆ ಕಡೆ ತಿರುಗಿಸುವ ಜಾಗಕ್ಕೆ, ಸಂಜೆಯ ಗುಡಿ ಕಟ್ಟೆ. ನಾಲ್ಕನೆಯದಕ್ಕೆ, ನಿಜ ಹೇಳಿಕೊಳ್ಳಬಹುದಾದವರಿಗೆ, ನೆಗೆಣ್ಣಿ ಮತ್ತು ಅಣ್ಣ. ಗಂಡನ ಹೆಸರು ಹಾಕಲು ಆಕೆ ಒಪ್ಪಲಿಲ್ಲ. ಗಂಡನಿಗೆ ಬೇಸರವಾದರೂ ಆ ಪಟ್ಟಿ ಆಕೆಯದು. ಐದನೆಯದರಲ್ಲಿ ವಾರ್ಡಿನ ಸಮಾಜ ಕಾರ್ಯಕರ್ತೆಯ ನಂಬರು, 14416, ತುರ್ತಿಗೆ 108 ಮತ್ತು 112. ಹಾಳೆಯ ಒಂದು ಪ್ರತಿ ಯಂತ್ರದ ಡ್ರಾದಲ್ಲಿ, ಒಂದು ನೆಗೆಣ್ಣಿಯ ಹತ್ತಿರ. ನಂಬರುಗಳನ್ನು ವಾರ್ಡಿನಲ್ಲೇ ಆಕೆಯ ಮೊಬೈಲಿಗೆ ಹಾಕಿ, ನೆಗೆಣ್ಣಿಗೆ ಒಂದು ಸಲ ಕರೆ ಮಾಡಿಸಿ, ‘ನನಗೆ ಆ ಯೋಚನೆ ಬರಾಕತ್ತೈತಿ, ಬಾ’ ಎಂಬ ವಾಕ್ಯವನ್ನು ಬಾಯಿಬಿಟ್ಟು ಹೇಳಿಸಿದೆವು. ಈ ಅಭ್ಯಾಸವನ್ನು ಬಿಡಬಾರದು.

ಆರನೇ ಹಂತವೇ ಹೆಚ್ಚು ಕೆಲಸದ್ದು: ಮನೆಯಿಂದ ಅಪಾಯದ ವಸ್ತುವನ್ನು ದೂರ ಮಾಡುವುದು. ಆತ್ಮಹತ್ಯೆಯ ತೀವ್ರ ತುಡಿತ ಬಹಳ ಜನರಲ್ಲಿ ಕೆಲವು ನಿಮಿಷದಿಂದ ಕೆಲವು ಗಂಟೆ ಮಾತ್ರ ಇರುತ್ತದೆ. ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ 2015ರ ನಡುವೆ, ಅಲ್ಲಿನ ಆತ್ಮಹತ್ಯೆ ದರ ಸುಮಾರು 70 ಶೇಕಡ ಇಳಿಯಿತು. ಆದರೆ ಅದೇ ದೇಶದಲ್ಲಿ 180 ಹಳ್ಳಿಗಳ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಪೆಟ್ಟಿಗೆ ಮನೆಯಲ್ಲೇ, ಕೀಲಿಕೈಯೂ ಮನೆಯಲ್ಲೇ. ಹಾಗಾಗಿ ಗಂಡ ‘ಬೀಗ ಹಾಕಿಡ್ತೀನ್ರಿ’ ಎಂದಾಗ ಸಾಲದು ಎಂದೆವು. ತಮಿಳುನಾಡಿನ ಎರಡು ಹಳ್ಳಿಗಳಲ್ಲಿ ಊರಿಗೊಂದು ಸಾಮೂಹಿಕ ದಾಸ್ತಾನು ಕೋಣೆ ಮಾಡಿ ನೋಡಿದ್ದು ಫಲ ಕೊಟ್ಟಿತ್ತು. ಇಲ್ಲಿ ಅಂಥದ್ದಿಲ್ಲ. ಆದ್ದರಿಂದ ಹೀಗೆ ಒಪ್ಪಂದವಾಯಿತು: ಬೆಳೆಯ ಔಷಧಿ ಮನೆಯಲ್ಲಿ ಒಂದು ಹನಿಯೂ ಇರಬಾರದು, ಹೊಡೆಯುವ ದಿನವೇ ಬೇಕಾದಷ್ಟೇ, ಚಿಕ್ಕ ಪ್ಯಾಕಿನಲ್ಲಿ ತರಬೇಕು, ಉಳಿದದ್ದು ಹೊಲದ ಪಂಪ್‌ಸೆಟ್ ಮನೆಯಲ್ಲಿ, ಕೀಲಿ ಮೈದುನನ ಹತ್ತಿರ. ಚಿಕ್ಕ ಪ್ಯಾಕು ತುಟ್ಟಿ ಎಂದು ಗಂಡ ಗೊಣಗಿದ. ಆಸ್ಪತ್ರೆ ಬಿಲ್ಲಿನ ಲೆಕ್ಕ ಮುಂದಿಟ್ಟ ಮೇಲೆ ಒಪ್ಪಿದ. ಡಿಸ್ಚಾರ್ಜಿನ ಹಿಂದಿನ ದಿನ ಮೈದುನ ಮನೆ, ಹಿತ್ತಲು, ಅಟ್ಟ ಹುಡುಕಿ ತೆಗೆದಿಟ್ಟು ಫೋನ್ ಮಾಡಿದ ಮೇಲೆಯೇ ಡಿಸ್ಚಾರ್ಜ್ ಆಯಿತು.

ಚಿಕಿತ್ಸೆಯ ಮಾತ್ರೆಗೂ ಇದೇ ನಿಯಮ. ಖಿನ್ನತೆಯ ಮಾತ್ರೆಯಾದ ಸರ್ಟ್ರಾಲಿನ್ 50 ಮಿಲಿಗ್ರಾಂ, ಎರಡು ವಾರದ ಮೇಲೆ 100. ಮೊದಲ ತಿಂಗಳು ಏಳೇ ದಿನದಷ್ಟು, ಆಮೇಲೆ ಹದಿನಾಲ್ಕು ದಿನದಷ್ಟು, ಇಟ್ಟುಕೊಳ್ಳುವವಳು ನೆಗೆಣ್ಣಿ. ಮೊದಲ ವಾರಗಳಲ್ಲಿ ಒಂದು ಎಚ್ಚರ ಬೇಕು. ಕೆಲವರಲ್ಲಿ ಚಡಪಡಿಕೆ ಹೆಚ್ಚುತ್ತದೆ. ಇನ್ನು ಕೆಲವರಲ್ಲಿ ಕೈಕಾಲಿಗೆ ಬಲ ಮೊದಲು ಬರುತ್ತದೆ, ಮನಸ್ಸಿನ ಕತ್ತಲೆ ಆಮೇಲೆ ಕರಗುತ್ತದೆ. ನಡುವಿನ ಆ ದಿನಗಳಲ್ಲಿ ಮನೆಯವರು ‘ಎದ್ದು ಓಡಾಡ್ತಾಳೆ, ಗುಣ ಆತು’ ಎಂದು ಮೈಮರೆಯುತ್ತಾರೆ.

ಮಾತಿನ ಚಿಕಿತ್ಸೆಯಲ್ಲಿ ಆ ಸಂಜೆಯ ಸರಪಣಿಯನ್ನು ಕೊಂಡಿ ಕೊಂಡಿಯಾಗಿ ಬಿಚ್ಚಿ, ಎಲ್ಲಿ ತುಂಡರಿಸಬಹುದಿತ್ತು ಎಂದು ನೋಡಿದೆವು. ಫಿಲಡೆಲ್ಫಿಯಾದಲ್ಲಿ ಯತ್ನಿಸಿ ಬಂದ 120 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಹತ್ತು ಭೇಟಿಗಳ ಚಿಕಿತ್ಸೆ ಪಡೆದವರಲ್ಲಿ 18 ತಿಂಗಳೊಳಗೆ ಮರುಯತ್ನ 24 ಶೇಕಡ, ಪಡೆಯದವರಲ್ಲಿ 42 ಶೇಕಡ ಇತ್ತು. ಹಳ್ಳಿಯಿಂದ ಹತ್ತು ಸಲ ಬರುವುದು ಕಷ್ಟ. ಆಕೆ ಬಂದದ್ದು ಆರು.

ಸಾಲಕ್ಕೂ ಚಿಕಿತ್ಸೆಯ ಭಾಗವಾಗಿಯೇ ಕೂರಬೇಕಾಯಿತು. ಐದು ಸಾಲ, ಯಾರಿಗೆ ಎಷ್ಟು, ಯಾವ ದಿನ ಎಂದು ಹಾಳೆಯಲ್ಲಿ ಬರೆದಾಗ ಆಕೆಯ ತಲೆಯಲ್ಲಿದ್ದ ಮೊತ್ತಕ್ಕಿಂತ ನಿಜದ ಮೊತ್ತ ಕಡಿಮೆಯಿತ್ತು. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲದ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ಮನೆ ಬಾಗಿಲಲ್ಲಿ ಕೂತು ಕಾಡಿದರೆ ಠಾಣೆಗೆ ದೂರು ಕೊಡಬಹುದು ಎಂದು ಅಣ್ಣನಿಗೆ ತಿಳಿಸಿದೆವು. ಆತ ಹೋಗಿ ಎರಡು ಕಡೆ ಕಂತಿನ ಅವಧಿ ಹೆಚ್ಚಿಸಿಕೊಂಡು ಬಂದ.

ಸಂಪರ್ಕದ ಕ್ಯಾಲೆಂಡರು

ವಿಶ್ವ ಆರೋಗ್ಯ ಸಂಸ್ಥೆ ಐದು ಕಡೆ, ಬ್ರೆಜಿಲಿನ ಕಂಪಿನಾಸ್, ಚೆನ್ನೈ, ಕೊಲಂಬೊ, ಇರಾನಿನ ಕರಜ್, ಚೀನಾದ ಯುನ್‌ಚೆಂಗ್, ಯತ್ನಿಸಿ ತುರ್ತು ವಿಭಾಗಕ್ಕೆ ಬಂದ 1,867 ಮಂದಿಯ ಮೇಲೆ ಒಂದು ಸರಳ ಪ್ರಯೋಗ ನಡೆಸಿತು. ಫಲಿತಾಂಶ ಪ್ರಕಟವಾದದ್ದು 2008ರಲ್ಲಿ. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದರ್ಧಕ್ಕೆ ಅದರ ಜೊತೆ ಒಂದು ಗಂಟೆಯ ತಿಳಿವಳಿಕೆಯ ಮಾತು, ಆಮೇಲೆ ಒಂಬತ್ತು ಸಲ ಫೋನ್ ಅಥವಾ ಭೇಟಿ: 1, 2, 4, 7, 11ನೇ ವಾರ, 4, 6, 12, 18ನೇ ತಿಂಗಳು. ಹದಿನೆಂಟು ತಿಂಗಳ ಕೊನೆಗೆ ಆತ್ಮಹತ್ಯೆಯಿಂದ ಸತ್ತವರು ಮಾಮೂಲಿ ಗುಂಪಿನಲ್ಲಿ 2.2 ಶೇಕಡ, ಸಂಪರ್ಕದ ಗುಂಪಿನಲ್ಲಿ 0.2 ಶೇಕಡ. ಕ್ಯಾಲೆಂಡರು ಅಪಾಯದ ಆಕಾರವನ್ನೇ ಹೋಲುತ್ತದೆ, ಮೊದಲು ಒತ್ತೊತ್ತಾಗಿ, ಬರಬರುತ್ತಾ ವಿರಳವಾಗಿ. ಇಷ್ಟು ಅಗ್ಗದ ಕೆಲಸ ನಮ್ಮ ಪ್ರತಿ ತಾಲ್ಲೂಕಿನಲ್ಲೂ ನಡೆಯಬೇಕು, ನಡೆಯುತ್ತಿಲ್ಲ ಎಂಬುದೇ ನಮ್ಮ ದೊಡ್ಡ ಕೊರಗು.

ಈಕೆಗೂ ಇದೇ ಕ್ಯಾಲೆಂಡರು ಹಿಡಿದೆವು. ಕರೆ ಮಾಡುವವರು ಪ್ರತಿ ಸಲ ಒಬ್ಬರೇ ಆಗಿರಬೇಕು. ಹದಿನೈದು ನಿಮಿಷ ಸಾಕು. ನಿದ್ದೆ ಹೇಗಿದೆ, ಮಾತ್ರೆ ನಡೆಯುತ್ತಿದೆಯಾ, ಆ ಯೋಚನೆ ಬಂತಾ, ಬಂದಾಗ ಏನು ಮಾಡಿದಿರಿ. ಗಂಡನ ನಂಬರಿಗಲ್ಲ, ಆಕೆಯದೇ ನಂಬರಿಗೆ. ಬೆಳಗ್ಗೆ ಹನ್ನೊಂದಕ್ಕೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ. ಒಂದೇ ದಿನ ಮೂರು ಸಲ ಮಾಡಿದರೂ ಎತ್ತದಿದ್ದರೆ ಅಂದೇ ಆಶಾ ಕಾರ್ಯಕರ್ತೆ ಮನೆಗೆ ಹೋಗುವುದು. ಇದಕ್ಕೆ ಆಕೆಯ ಒಪ್ಪಿಗೆ ಮೊದಲೇ ಪಡೆದಿತ್ತು.

ಒಂದನೇ ವಾರ ಸರಿಯಾಗಿತ್ತು. ಎರಡನೇ ವಾರ ಆಸ್ಪತ್ರೆಗೆ ಬಂದಾಗ ಕೂತಲ್ಲಿ ಕೂರಲಾಗದ ಚಡಪಡಿಕೆ ಇತ್ತು, ಮಾತ್ರೆ ಏರಿಸುವುದನ್ನು ಹತ್ತು ದಿನ ಮುಂದೂಡಿದೆವು. ನಾಲ್ಕನೇ ವಾರ ಫೋನ್ ಸ್ವಿಚ್ ಆಫ್. ಆಶಾ ಹೋಗಿ ನೋಡಿದರೆ ಗಂಡ ಆ ಮೊಬೈಲನ್ನು ಒತ್ತೆ ಇಟ್ಟಿದ್ದ. ಆಕೆ ಕ್ಷೇಮವಾಗಿದ್ದಳು, ಆದರೆ ನಾಲ್ಕನೇ, ಐದನೇ ಹಂತಗಳೆರಡೂ ಆ ಮೊಬೈಲಿನ ಮೇಲೆ ನಿಂತಿದ್ದವು. ಅಣ್ಣ ಬಿಡಿಸಿಕೊಟ್ಟ, ಗಂಡನನ್ನು ಕುಡಿತದ ಚಿಕಿತ್ಸೆಗೆ ಕರೆತಂದದ್ದೂ ಈ ನೆಪದಲ್ಲೇ. ಏಳನೇ ವಾರ ಮಾತ್ರೆ ನಿಂತಿತ್ತು. ‘ಚಟ ಆಗತೈತಿ’ ಎಂದು ಅತ್ತೆ ಬಿಡಿಸಿದ್ದರು. ಅತ್ತೆಯನ್ನೇ ಫೋನಿಗೆ ಕರೆದು, ಈ ಮಾತ್ರೆ ಚಟ ಹಿಡಿಸುವಂಥದ್ದಲ್ಲ, ಆದರೆ ತಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ ಬರುತ್ತದೆ ಎಂದು ಹೇಳಿದೆವು. ಹನ್ನೊಂದನೇ ವಾರ ಪಿಎಚ್‌ಕ್ಯೂ-9 ಅಂಕ 9ಕ್ಕೆ ಇಳಿದಿತ್ತು. ನಾಲ್ಕನೇ ತಿಂಗಳು, ಆರನೇ ತಿಂಗಳು ಬರೆಯುವಂಥದ್ದೇನೂ ಇಲ್ಲ. ಯಂತ್ರ ಮತ್ತೆ ಓಡುತ್ತಿತ್ತು.

ಒಂಬತ್ತನೇ ತಿಂಗಳು

ಕ್ಯಾಲೆಂಡರಿನಲ್ಲಿ ಆರರಿಂದ ಹನ್ನೆರಡರವರೆಗೆ ಖಾಲಿ. ಎಂಟನೇ ತಿಂಗಳಲ್ಲಿ ಊರ ಹತ್ತಿರದ ಕ್ಲಿನಿಕ್ಕಿನಲ್ಲಿ ‘ಆರಾಮಿದ್ದೀರಿ’ ಎಂದು ಮಾತ್ರೆಯನ್ನು 50ಕ್ಕೆ ಇಳಿಸಿದರು. ಅದು ನಮಗೆ ಗೊತ್ತಾಗಲಿಲ್ಲ. ಒಂಬತ್ತನೇ ತಿಂಗಳಲ್ಲಿ ಗಂಡ ಮತ್ತೆ ಕುಡಿದು ಬಂದ. ಜಗಳ. ರಾತ್ರಿ ಎಂಟರ ಸುಮಾರಿಗೆ ಆಕೆ, ಮನೆಯಲ್ಲಿ ಹಿಂದೆ ಬೆಳೆಯ ಔಷಧಿ ಇಡುತ್ತಿದ್ದ ಜಾಗಕ್ಕೆ ಹೋದಳು. ಅಲ್ಲಿ ಏನೂ ಇರಲಿಲ್ಲ. ಡ್ರಾದಲ್ಲಿದ್ದ ಹಾಳೆಯನ್ನು ತೆಗೆದು ನೋಡಲೂ ಇಲ್ಲ. ಆದರೆ ವಾರ್ಡಿನಲ್ಲಿ ಹೇಳಿ ಅಭ್ಯಾಸವಾಗಿದ್ದ ವಾಕ್ಯ ನಾಲಿಗೆಯ ಮೇಲಿತ್ತು, ನೆಗೆಣ್ಣಿಗೆ ಕರೆ ಮಾಡಿದಳು. ನೆಗೆಣ್ಣಿ ಬಂದು ವಾರ್ಡಿನ ನಂಬರಿಗೆ ಮಾಡಿದರೆ ಆ ಹೊತ್ತಿನಲ್ಲಿ ಎತ್ತುವವರಿರಲಿಲ್ಲ. 14416ಕ್ಕೆ ಮಾಡಿದಳು, ಅಲ್ಲಿಯ ಆಪ್ತಸಮಾಲೋಚಕರು ಆಕೆಯೊಂದಿಗೆ ಬಹಳ ಹೊತ್ತು ಮಾತಾಡಿದರು. ಆ ರಾತ್ರಿ ನೆಗೆಣ್ಣಿ ಅವಳ ಪಕ್ಕದಲ್ಲೇ ಮಲಗಿ ಬೆಳಗ್ಗೆ ಆಸ್ಪತ್ರೆಗೆ ಕರೆತಂದಳು.

ಏನೂ ಆಗಲಿಲ್ಲವಲ್ಲ ಎಂದು ಬಿಡುವ ಘಟನೆ ಇದಲ್ಲ. ಕಡತದಲ್ಲಿ ಇದನ್ನು ಅರ್ಧಕ್ಕೆ ನಿಂತ ಯತ್ನ ಎಂದೇ ದಾಖಲಿಸಿದೆವು. ಆಕೆಗೆ ಗದರಿಕೆ ಇಲ್ಲ, ಉಪದೇಶ ಇಲ್ಲ. ಕರೆ ಮಾಡಿದ್ದು ಸರಿಯಾದ ಕೆಲಸ ಎಂದು ಗಂಡನ ಎದುರಿಗೇ ಹೇಳಿದೆವು. ಮಾತ್ರೆ ಮತ್ತೆ 100. ಖಿನ್ನತೆ ಮರುಕಳಿಸುವ ಇತಿಹಾಸ ಇರುವವರಲ್ಲಿ ಗುಣವಾದ ಮೇಲೂ ಕಡಿಮೆಯೆಂದರೆ ಎರಡು ವರ್ಷ ಪೂರ್ತಿ ಪ್ರಮಾಣ ಮುಂದುವರಿಸಬೇಕಾಗುತ್ತದೆ ಎಂದು ಚೀಟಿಯ ಮೇಲೆ ಕನ್ನಡದಲ್ಲೇ ಬರೆದೆವು. ಮಾತ್ರೆ ಇಳಿಸುವ ತಿಂಗಳು ಸಂಪರ್ಕ ಹೆಚ್ಚಿಸುವ ತಿಂಗಳಾಗಬೇಕು ಎಂಬುದು ಆಗಿನಿಂದ ಕಡತದ ನಿಯಮ. ಹಾಳೆಯಲ್ಲಿ ವಾರ್ಡಿನ ನಂಬರಿನ ಮುಂದೆ ‘ಹಗಲು ಮಾತ್ರ’ ಎಂದು ಸೇರಿಸಿ 14416 ಅನ್ನು ಅದರ ಮೇಲಕ್ಕೆ ತಂದೆವು.

ಮುಖ್ಯವಾಗಿ, ಕ್ಯಾಲೆಂಡರನ್ನು ಮತ್ತೆ ಒಂದನೇ ವಾರದಿಂದ ಶುರು ಮಾಡಿದೆವು. ಪ್ರತಿ ಹೊಸ ಘಟನೆಯೂ ಅಪಾಯವನ್ನು ಮತ್ತೆ ಮೇಲಕ್ಕೆ ಒಯ್ಯುತ್ತದೆ, ಹಳೆಯ ದಿನಾಂಕದಿಂದ ಎಣಿಸಿದರೆ ಅತಿ ಎತ್ತರದ ವಾರಗಳು ವಿರಳ ಸಂಪರ್ಕದ ವಾರಗಳಾಗಿಬಿಡುತ್ತವೆ. ಆರು ಮತ್ತು ಹನ್ನೆರಡರ ನಡುವೆ 8 ಮತ್ತು 10ನೇ ತಿಂಗಳ ಕರೆಗಳನ್ನೂ ಸೇರಿಸಿದೆವು. ಹೀಗೆ ಹದಿನೆಂಟು ತಿಂಗಳ ಕೆಲಸ ಇಪ್ಪತ್ತೇಳಾಯಿತು.

ಆ ಇಪ್ಪತ್ತೇಳು ತಿಂಗಳಲ್ಲಿ ಇನ್ನೊಂದು ಯತ್ನ ಆಗಲಿಲ್ಲ. ಯೋಚನೆ ಎರಡು ಸಲ ಬಂದಿದೆ, ಎರಡು ಸಲವೂ ಆಕೆ ನೆಗೆಣ್ಣಿಗೆ ಹೇಳಿದ್ದಾಳೆ. ಗಂಡ ಪೂರ್ತಿ ಬಿಟ್ಟಿಲ್ಲ, ಸಾಲದಲ್ಲಿ ಮೂರು ತೀರಿವೆ.

ಈಗ ಆಕೆಯ ಚಿಕಿತ್ಸೆಯನ್ನು ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿಗೆ ವರ್ಗಾಯಿಸಲಾಗಿದೆ, ಮನೋವೈದ್ಯರು ಅಲ್ಲಿಗೆ ಮಂಗಳವಾರ ಬರುತ್ತಾರೆ. ಜೊತೆಗೆ ಕಳಿಸಿದ ಹಾಳೆಯ ತಲೆಯಲ್ಲೇ ಮೂರು ಯತ್ನಗಳ ಮತ್ತು ಒಂಬತ್ತನೇ ತಿಂಗಳ ಘಟನೆಯ ದಿನಾಂಕಗಳಿವೆ, ಮುಂದೆ ಯಾವ ವೈದ್ಯರೂ 18ರ ಸುದ್ದಿಗಾಗಿ ಮತ್ತೆ ಹುಡುಕಬೇಕಾಗದಂತೆ. ಕೆಳಗೆ ಮುಂದೆ ಗಮನ ಇಡಬೇಕಾದ ಸಮಯಗಳು: ಮಾತ್ರೆ ಇಳಿಸಲು ತೊಡಗುವ ತಿಂಗಳು, ಸಾಲದ ದೊಡ್ಡ ಕಂತು ಬರುವ ಮಾರ್ಚ್, ಮಗಳು ದ್ವಿತೀಯ ಪಿಯುಸಿ ಬರೆಯುವ ವರ್ಷದ ಫಲಿತಾಂಶದ ವಾರ. ಕೊನೆಯದು ತಾಯಿಗೆ ಮಾತ್ರವಲ್ಲ, ಮಗಳಿಗೂ ಅನ್ವಯಿಸುತ್ತದೆ. ಅವ್ವನಿಗೆ ಆದದ್ದು ಜ್ವರವಲ್ಲ, ಮನಸ್ಸಿನ ಕಾಯಿಲೆ, ಈಗ ಚಿಕಿತ್ಸೆ ನಡೆದಿದೆ, ನಿನಗೂ ಯಾವತ್ತಾದರೂ ಹಾಗೆ ಅನ್ನಿಸಿದರೆ ಹೇಳಬೇಕು ಎಂಬ ಮಾತನ್ನು ತಾಯಿಯೇ, ನಮ್ಮ ಸಮಾಜ ಕಾರ್ಯಕರ್ತೆಯ ಎದುರು ಕೂತು, ಮಗಳಿಗೆ ಹೇಳಿದ್ದಾಳೆ. ಸೂಕ್ಷ್ಮ ಸಮಯಗಳ ಪಟ್ಟಿಯ ಒಂದು ಪ್ರತಿ ನೆಗೆಣ್ಣಿಯ ಹತ್ತಿರವೂ ಇದೆ.